ನೀರಿನೊಳಗಿನ ಶೆಟ್ಟಿಹಳ್ಳಿ ಚರ್ಚು ಮತ್ತು ನಮ್ಮ ನಾಲೆಯ ನೀರು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷ ತುಂಬಿಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವುದು ನಮ್ಮೆಲ್ಲರಿಗೂ ಹೆಮ್ಮೆಯ ವಿಷಯ. ಈ ಸ್ಮರಣ ಸಂಚಿಕೆಯಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಬರೆದಿದ್ದಾರೆ. ಲೆಕ್ಕಪತ್ರ, ಹಾಲಿನ ಪ್ರಮಾಣ, ಬೋನಸ್ಸಿನ ವಿವರ ಬೇರೆ ಪುಟಗಳಲ್ಲಿವೆ. ನಮಗೆ ಸಂಪಾದಕ ಮಂಡಳಿಯವರು ಒಪ್ಪಿಸಿದ ಕೆಲಸ ಬೇರೆ. ಬೆಳ್ಳಿಹಬ್ಬದ ಅಂಗವಾಗಿ ಸದಸ್ಯರು ಕೈಗೊಂಡ ಒಂದು ದಿನದ ಪ್ರವಾಸದಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಿ ಬಂದೆವಲ್ಲ, ಅದರ ಇತಿಹಾಸವನ್ನು ಬರೆದುಕೊಡಿ ಎಂದರು. "ದೇಶ ಸುತ್ತು, ಇಲ್ಲವೇ ಕೋಶ ಓದು" ಎಂಬ ಗಾದೆಯಂತೆ, ಸುತ್ತಿದ್ದು ಸ್ವಲ್ಪ, ಓದಿದ್ದು ಸ್ವಲ್ಪ, ಎರಡನ್ನೂ ಸೇರಿಸಿ ಬರೆದಿದ್ದೇವೆ.

ಹಾಲಿನ ಡೈರಿಯ ಸಂಚಿಕೆಯಲ್ಲಿ ಚರ್ಚಿನ ಲೇಖನ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ನಮ್ಮದು ಹೇಮಾವತಿ ಎಡದಂಡೆ ನಾಲೆಯ ಅಚ್ಚುಕಟ್ಟು. ನಾಲೆ ನೀರು ಬಂದ ಮೇಲೆ ನಮ್ಮಲ್ಲಿ ಹಸಿರು ಮೇವು ಕಂಡಿತು, ಮೇವಿನಿಂದ ಹಾಲು, ಹಾಲಿನಿಂದ ಈ ಸಂಘ. ಆ ನೀರು ನಮ್ಮ ತೂಬಿಗೆ ಬರುವ ಮೊದಲು ಗೊರೂರಿನ ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿ ನಿಂತಾಗ ಯಾರ ಮನೆಯೊಳಗೆ, ಯಾರ ದೇವರ ಮನೆಯೊಳಗೆ ನಿಲ್ಲುತ್ತದೆ ಎನ್ನುವುದು ನಮ್ಮ ಇತಿಹಾಸದ್ದೇ ಒಂದು ಪುಟ.

ಹೇಮಾವತಿಯ ದಂಡೆ

ಹೇಮಾವತಿ ನದಿ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮಘಟ್ಟದಲ್ಲಿ, ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟುತ್ತದೆ. ಸಕಲೇಶಪುರದ ಮಲೆನಾಡನ್ನು ದಾಟಿ, ಗೊರೂರಿನ ಸಮೀಪ ಯಗಚಿಯನ್ನು ಕೂಡಿಕೊಂಡು, ಸುಮಾರು 245 ಕಿ.ಮೀ. ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಗೆ ಸೇರುತ್ತದೆ. ಮಲೆನಾಡು ಮುಗಿದು ಬಯಲು ಸೀಮೆ ಶುರುವಾಗುವ ಜಾಗದಲ್ಲಿ ಗೊರೂರು ಇದೆ. ಯೋಗಾನರಸಿಂಹ ಸ್ವಾಮಿಯ ಹಳೆಯ ದೇವಸ್ಥಾನ, ಹಳ್ಳಿಯ ಬದುಕನ್ನು ನಗುನಗುತ್ತಾ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991), ಇವುಗಳಿಂದ ಅಣೆಕಟ್ಟೆಗಿಂತ ಮುಂಚೆಯೇ ಗೊರೂರಿಗೆ ಹೆಸರಿತ್ತು.

ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಇದೇ ಹೊಳೆಯ ದಂಡೆಯಲ್ಲಿ ಶೆಟ್ಟಿಹಳ್ಳಿ ಇತ್ತು. ಅಲ್ಲಿನದು ಜಪಸರ ಮಾತೆಯ ಚರ್ಚು. ಇಂಗ್ಲಿಷಿನಲ್ಲಿ ರೋಸರಿ ಚರ್ಚ್ ಅನ್ನುತ್ತಾರೆ. ಪೇಟೆಯ ಚರ್ಚಿನ ಹಾಗೆ ದೊಡ್ಡ ರಸ್ತೆಯ ಪಕ್ಕದ್ದಲ್ಲ. ಹೊಲ, ಗದ್ದೆ, ಹೊಳೆ ಇವುಗಳ ನಡುವೆ ನಿಂತ ಹಳ್ಳಿಯ ಚರ್ಚು. ಸುತ್ತಲಿನ ಕ್ರೈಸ್ತ ಕುಟುಂಬಗಳಿಗೆ ಅದೇ ಧರ್ಮಕೇಂದ್ರ. ಮಗು ಹುಟ್ಟಿದರೆ ದೀಕ್ಷಾಸ್ನಾನ, ಬೆಳೆದರೆ ಮದುವೆ, ಸತ್ತರೆ ಮಣ್ಣು, ಎಲ್ಲದಕ್ಕೂ ಅದೇ ಜಾಗ. ನಮ್ಮಲ್ಲಿ ಊರ ದೇವರ ಗುಡಿ, ಅರಳಿಕಟ್ಟೆ, ಚಾವಡಿ ಮೂರೂ ಸೇರಿ ಮಾಡುವ ಕೆಲಸವನ್ನು ಅಲ್ಲಿ ಆ ಒಂದೇ ಕಟ್ಟಡ ಮಾಡುತ್ತಿತ್ತು.

ಹಾಸನ ಸೀಮೆಗೆ ಪಾದ್ರಿಗಳು ಬಂದ ಬಗೆ

ಮೈಸೂರು ಸೀಮೆಗೆ ಕ್ರೈಸ್ತ ಗುರುಗಳು ಬಂದದ್ದು ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 17ನೇ ಶತಮಾನದ ಮಧ್ಯಭಾಗದಲ್ಲಿಯೇ ಇಟಲಿಯ ಲಿಯೊನಾರ್ಡೊ ಚಿನ್ನಮಿ ಎಂಬ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು ಕೆಲಸ ಮಾಡಿದರು. 1773ರಲ್ಲಿ ರೋಮಿನ ಪೋಪರು ಯೇಸುಸಭೆಯನ್ನು ವಿಸರ್ಜಿಸಿದರು. ಆ ಬಳಿಕ ಈ ಭಾಗದ ಹೊಣೆ ಪ್ಯಾರಿಸ್ಸಿನ ವಿದೇಶ ಮಿಷನ್ನಿನ ಫ್ರೆಂಚ್ ಗುರುಗಳಿಗೆ ಬಂತು.

ಅವರಲ್ಲಿ ಬಹಳ ಪ್ರಸಿದ್ಧರಾದವರು ಅಬ್ಬೆ ದುಬಾಯ್. ಇವರು 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವ ಕೆಲಸಕ್ಕೆ ನಿಂತರು. ಈ ನೆಲದ ಉಡುಪು ತೊಟ್ಟು, ಈ ನೆಲದ ಊಟ ಉಂಡು ಬಾಳಿದ ಅವರನ್ನು ಜನ "ದೊಡ್ಡ ಸ್ವಾಮಿಯವರು" ಅಂತ ಕರೆಯುತ್ತಿದ್ದರು. ಸಿಡುಬಿಗೆ ದೇವಿ ಹಾಕುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ರೈತರಾದ ನಾವು ನೆನೆಯಬೇಕಾದ ಇನ್ನೊಂದು ಕೆಲಸ ಅವರದಿದೆ. ನೆಲೆ ಕಳೆದುಕೊಂಡ ಕುಟುಂಬಗಳಿಗೆ ಭೂಮಿ ಸಿಗುವಂತೆ ಮಾಡಿ ಬೇಸಾಯದ ಹಳ್ಳಿಗಳನ್ನೇ ನೆಲೆಗೊಳಿಸಿದರು. ಹಾಸನ ಸೀಮೆಯಲ್ಲಿ ನೇಗಿಲು ಹಿಡಿದ ಕ್ರೈಸ್ತ ಒಕ್ಕಲುಗಳು ಬೇರೂರಿದ್ದು ಇಂಥ ಕೆಲಸದಿಂದ. 1823ರಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು, 1848ರಲ್ಲಿ ತೀರಿಕೊಂಡರು.

ಶೆಟ್ಟಿಹಳ್ಳಿಯ ಚರ್ಚು ಅವರ ಕಾಲದ್ದಲ್ಲ. ಅವರ ನಂತರದ ಫ್ರೆಂಚ್ ಗುರುಗಳು 1860ರ ಸುಮಾರಿಗೆ ಕಟ್ಟಿಸಿದ್ದು. ಆಗ ಮೈಸೂರು ರಾಜ್ಯ ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. ಮಲೆನಾಡಿನಲ್ಲಿ ಕಾಫಿ ತೋಟಗಳು ಬೆಳೆಯುತ್ತಿದ್ದ ಕಾಲ. ಮುಂದೆ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹೊಸದಾಗಿ ಆದಾಗ ಹಾಸನ ಜಿಲ್ಲೆಯ ಚರ್ಚುಗಳು ಅದಕ್ಕೆ ಸೇರಿದವು.

ಕಟ್ಟಡದ ರಚನೆ

ಈಗ ಕಟ್ಟಡದ ವಿಚಾರಕ್ಕೆ ಬರೋಣ. ನಮ್ಮ ತಂಡದಲ್ಲಿ ಗಾರೆ ಕೆಲಸ ಬಲ್ಲ ಸದಸ್ಯರೊಬ್ಬರು ಇದ್ದದ್ದರಿಂದ ನೋಡಿದ್ದು ಅರ್ಥವಾಗಲು ಅನುಕೂಲವಾಯಿತು.

ನಮ್ಮ ಹಾಸನ ಜಿಲ್ಲೆಯೆಂದರೆ ಹೊಯ್ಸಳ ಶಿಲ್ಪ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಅಲ್ಲಿ ಕಂಬ ನಿಲ್ಲಿಸಿ, ಕಂಬದ ಮೇಲೆ ಕಲ್ಲಿನ ತೊಲೆ ಇಟ್ಟು, ತೊಲೆಯ ಮೇಲೆ ಚಪ್ಪಡಿ ಹಾಸುವ ಪದ್ಧತಿ. ಕಲ್ಲು ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಆದರೆ ಉದ್ದ ತೊಲೆ ಮಾಡಿದರೆ ನಡುವೆ ಬಿರಿಯುತ್ತದೆ. ಆದ್ದರಿಂದ ಕಂಬಗಳು ಹತ್ತಿರ ಹತ್ತಿರ ಇರಬೇಕು. ಬೇಲೂರು, ಹಳೇಬೀಡಿನ ನವರಂಗದಲ್ಲಿ ಕಂಬಗಳ ಸಾಲು ದಟ್ಟವಾಗಿರುವುದು ಇದಕ್ಕೇ.

ಅದೇ 12ನೇ ಶತಮಾನದಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ಸಿನ ಬಳಿ ಸಾನ್ ದನಿ ಎಂಬಲ್ಲಿ ಬೇರೊಂದು ಪದ್ಧತಿ ಶುರುವಾಯಿತು. ಅದು ಚೂಪು ಕಮಾನಿನ ಪದ್ಧತಿ, ಇದಕ್ಕೆ ಗಾಥಿಕ್ ಶೈಲಿ ಎನ್ನುತ್ತಾರೆ. ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದರೆ ಬೆರಳುಗಳು ಮೇಲೆ ಸೇರುತ್ತವಲ್ಲ, ಆ ಆಕಾರ. ಕಮಾನಿನಲ್ಲಿ ಯಾವ ಇಟ್ಟಿಗೆಯೂ ತೊಲೆಯ ಹಾಗೆ ಬಾಗುವುದಿಲ್ಲ. ಒಂದನ್ನೊಂದು ಒತ್ತಿ ಹಿಡಿದುಕೊಂಡು ಭಾರವನ್ನು ಕೆಳಗೆ ಕಳಿಸುತ್ತವೆ. ಅರ್ಧ ವೃತ್ತದ ಕಮಾನಿಗಿಂತ ಚೂಪು ಕಮಾನಿನಲ್ಲಿ ಭಾರ ಹೆಚ್ಚು ನೇರವಾಗಿ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಗೋಡೆ ಎತ್ತರಿಸಬಹುದು, ಕಿಟಕಿ ದೊಡ್ಡದು ಮಾಡಬಹುದು, ಒಳಗೆ ಬೆಳಕು ತುಂಬಿಸಬಹುದು.

ಆ ಶೈಲಿ ಐರೋಪ್ಯ ದೇಶಗಳಲ್ಲಿ ನಡುವೆ ಹಳತಾಗಿ, 19ನೇ ಶತಮಾನದಲ್ಲಿ ಮತ್ತೆ ಚಾಲ್ತಿಗೆ ಬಂತು. ಶೆಟ್ಟಿಹಳ್ಳಿಗೆ ಬಂದ ಫ್ರೆಂಚ್ ಗುರುಗಳು ಕಂಡು ಬೆಳೆದದ್ದು ಅಂಥ ಚರ್ಚುಗಳನ್ನೇ. ನಮ್ಮವರೆಲ್ಲ ನೋಡಿರುವ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು ಕೂಡ ಇದೇ ಶೈಲಿಯದು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ್ದು 1933ರಲ್ಲಿ. ಅಂದರೆ ಹೊಳೆ ದಂಡೆಯ ಈ ಹಳ್ಳಿ ಚರ್ಚು ಮೈಸೂರಿನ ಆ ದೊಡ್ಡ ಚರ್ಚಿಗಿಂತ ಸುಮಾರು ಎಪ್ಪತ್ತು ವರ್ಷ ಹಿರಿಯದು.

ಶೆಟ್ಟಿಹಳ್ಳಿಯಲ್ಲಿ ನಿಂತಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡ. ಉದ್ದನೆಯ ಒಂದು ನಡುಭಾಗ, ಅಲ್ಲಿ ಜನ ಕೂರುತ್ತಿದ್ದರು. ಉದ್ದಕ್ಕೂ ಚೂಪು ಕಮಾನುಗಳ ಸಾಲು. ನಮ್ಮ ತೊಟ್ಟಿ ಮನೆಯಲ್ಲಿ ನಡುವೆ ಅಂಗಳ, ಪಕ್ಕದಲ್ಲಿ ಪಡಸಾಲೆ ಇರುತ್ತದಲ್ಲ, ಅದನ್ನು ನೆನೆದರೆ ಅರ್ಥವಾಗುತ್ತದೆ. ಕೊನೆಯಲ್ಲಿ ಬಲಿಪೀಠದ ಜಾಗ. ನಮ್ಮ ಗರ್ಭಗುಡಿಯ ಸ್ಥಾನ ಅದಕ್ಕೆ. ಆದರೆ ಗರ್ಭಗುಡಿಯಲ್ಲಿ ಕತ್ತಲು, ದೀಪದ ಬೆಳಕಿನಲ್ಲಿ ದೇವರು. ಇಲ್ಲಿ ಎತ್ತರದ ಕಿಟಕಿಗಳಿಂದ ಬೆಳಕು ಬಂದು ಆ ಜಾಗವೇ ಬೆಳಗಬೇಕು ಎಂಬ ಲೆಕ್ಕಾಚಾರ. ಎರಡೂ ಭಕ್ತಿಯೇ, ದಾರಿ ಬೇರೆ.

ಕಮಾನಿಗೆ ಒಂದು ಕಷ್ಟವಿದೆ. ಇಬ್ಬರು ಎದುರುಬದುರು ನಿಂತು, ಅಂಗೈಗೆ ಅಂಗೈ ಒತ್ತಿ ಮುಂದಕ್ಕೆ ವಾಲಿದರೆ ಕೈಗಳು ಗಟ್ಟಿಯಾಗಿ ನಿಲ್ಲುತ್ತವೆ, ಕಾಲು ಮಾತ್ರ ಹಿಂದಕ್ಕೆ ಜಾರುತ್ತದೆ. ಕಮಾನು ಕೂಡ ಹಾಗೆಯೇ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಗೆ ಎದುರು ನಿಲ್ಲಲು ಗಾಥಿಕ್ ಚರ್ಚುಗಳಲ್ಲಿ ಹೊರಗೋಡೆಗೆ ಅಲ್ಲಲ್ಲಿ ದಪ್ಪನೆಯ ಆಸರೆಗಂಬ ಕೊಡುತ್ತಾರೆ. ಮೇಲೆ ಚಾವಣಿಯ ಮರದ ಕಟ್ಟು ಎರಡು ಕಡೆಯ ಗೋಡೆಗಳನ್ನು ಬಿಗಿದು ಹಿಡಿಯುತ್ತದೆ. ಕಟ್ಟುವಾಗ ಕಮಾನಿನ ಕೆಳಗೆ ಮರದ ಸೆಂಟ್ರಿಂಗ್ ಕೊಟ್ಟಿರಬೇಕು. ಗಾರೆ ಬಿಗಿಯುವ ಮೊದಲು ಅದನ್ನು ತೆಗೆದರೆ ಎಲ್ಲವೂ ಕೆಳಗೆ. ಬಿಗಿದ ಮೇಲೆ ತೆಗೆದರೆ ನೂರು ವರ್ಷಕ್ಕೂ ಅಲ್ಲಾಡುವುದಿಲ್ಲ.

ನಮ್ಮ ಗಾರೆ ಸದಸ್ಯರು ಇದನ್ನು ವಿವರಿಸಿದಾಗ ಹಿರಿಯರೊಬ್ಬರು, "ಹಂಗಾದ್ರೆ ನಮ್ಮ ಸಂಘನೂ ಇಂಥ ಕಮಾನೇ ಕಣ್ರಯ್ಯ. ಮೊದಲು ಹತ್ತು ಜನ ಸೆಂಟ್ರಿಂಗ್ ಕೊಟ್ಟಂಗೆ ನಿಂತ್ರು, ಈಗ ಒಬ್ಬರನ್ನೊಬ್ಬರು ಒತ್ತಿ ಹಿಡ್ಕಂಡಿದೀವಿ" ಅಂದರು. ಎಲ್ಲರೂ ನಕ್ಕರು. ಆದರೂ ಮಾತು ಸರಿಯೇ.

ಗಾರೆಯ ಗುಟ್ಟು

ಈ ಕಟ್ಟಡ ಇಷ್ಟು ವರ್ಷ ನೀರಿನಲ್ಲಿ ನೆನೆದೂ ಹೇಗೆ ನಿಂತಿದೆ ಎಂದು ಎಲ್ಲರೂ ಕೇಳುತ್ತಾರೆ. ಬೆಲ್ಲ, ಕೋಳಿಮೊಟ್ಟೆ ಬೆರೆಸಿದ ಗಾರೆ ಅಂತ ಸ್ಥಳದಲ್ಲಿ ಹೇಳುತ್ತಾರೆ. ದಕ್ಷಿಣ ಭಾರತದಲ್ಲಿ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಮೊಟ್ಟೆಯ ಬಿಳಿಯನ್ನು ಗಾರೆಗೆ ಸೇರಿಸುವ ಪದ್ಧತಿ ನಿಜವಾಗಿಯೂ ಇತ್ತು. ಸಿಮೆಂಟು ಬರುವ ಮೊದಲು ನಮ್ಮ ಹಳ್ಳಿಗಳಲ್ಲೂ ದೊಡ್ಡ ಮನೆ ಕಟ್ಟುವಾಗ ಸುಣ್ಣ, ಮರಳನ್ನು ಹಾಕಿ ಎತ್ತು ಕಟ್ಟಿ ಗಾರೆ ಗಾಣದಲ್ಲಿ ದಿನಗಟ್ಟಲೆ ಅರೆಯುತ್ತಿದ್ದರು. ಹಿರಿಯರಿಗೆ ಇದು ನೆನಪಿರುತ್ತದೆ.

ಸುಣ್ಣದ ಗುಣ ಸಿಮೆಂಟಿನದಲ್ಲ. ಸುಣ್ಣದಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಅರೆದು ಗೋಡೆಗೆ ಹಚ್ಚಿದರೆ ಅದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಬರೀ ಸುಣ್ಣ ನೀರಿನೊಳಗೆ ಸರಿಯಾಗಿ ಬಿಗಿಯುವುದಿಲ್ಲ. ಅದಕ್ಕೇ ಹಳೆಯ ಮೇಸ್ತ್ರಿಗಳು ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸುತ್ತಿದ್ದರು. ಆಗ ತೇವದಲ್ಲೂ ಬಿಗಿಯುತ್ತದೆ. ಕೆರೆ ತೂಬು, ಬಾವಿ, ಹಳೆಯ ಅಣೆಗಳಿಗೆ ಅದನ್ನೇ ಬಳಸುತ್ತಿದ್ದರು. ಸುಣ್ಣದ ಗಾರೆ ಸ್ವಲ್ಪ ಮಟ್ಟಿಗೆ ಬಳುಕುತ್ತದೆ ಕೂಡ. ನೆಲ ಅಲ್ಪಸ್ವಲ್ಪ ಕುಸಿದರೂ ಗೋಡೆ ಒಮ್ಮೆಗೇ ಸೀಳುವುದಿಲ್ಲ.

ವಿನ್ಯಾಸ ಫ್ರಾನ್ಸಿನದೇ ಇರಬಹುದು. ಇಟ್ಟಿಗೆ ಸುಟ್ಟ ಮಣ್ಣು, ಗಾರೆ ಅರೆದ ಎತ್ತು, ಹೊತ್ತ ಹೆಗಲು ಮಾತ್ರ ಈ ಸೀಮೆಯವೇ. ಅವರ ಹೆಸರು ಯಾವ ಕಲ್ಲಿನ ಮೇಲೂ ನಮಗೆ ಕಾಣಲಿಲ್ಲ.

ನೀರು ಬಂದದ್ದು

ಈಗ ನಮಗೂ ಆ ಊರಿಗೂ ಇರುವ ಸಂಬಂಧದ ಮಾತು. ಹೇಮಾವತಿಗೆ ಅಡ್ಡಲಾಗಿ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಉದ್ದ 4,692 ಮೀಟರ್, ಅಂದರೆ ಸುಮಾರು ನಾಲ್ಕೂಮುಕ್ಕಾಲು ಕಿ.ಮೀ. ಆರು ದೊಡ್ಡ ಗೇಟುಗಳಿವೆ. ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ, ಸಂಗ್ರಹ 37.1 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಲೀಟರಿನ ಲೆಕ್ಕವೇ ನಮಗೆ ರೂಢಿಯಾದ್ದರಿಂದ ಹೇಳುತ್ತೇವೆ, ತುಂಬಿದ ಜಲಾಶಯದಲ್ಲಿ ಸುಮಾರು ಒಂದು ಲಕ್ಷ ಕೋಟಿ ಲೀಟರ್ ನೀರು ಇರುತ್ತದೆ.

ಎಡದಂಡೆ, ಬಲದಂಡೆ, ಬಲ ಮೇಲ್ದಂಡೆ ಎಂದು ಮೂರು ನಾಲೆಗಳು ಅಲ್ಲಿಂದ ಹೊರಡುತ್ತವೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಬಯಲಿಗೆ ಈ ನೀರು ಹೋಗುತ್ತದೆ. ಮಳೆ ನಂಬಿಕೊಂಡು ರಾಗಿ, ಹುರುಳಿ ಬೆಳೆಯುತ್ತಿದ್ದ ನಮ್ಮ ಕಡೆ ಭತ್ತ ಕಂಡದ್ದು, ಕಬ್ಬು ಕಂಡದ್ದು, ಬೇಸಿಗೆಯಲ್ಲೂ ಹಸಿರು ಹುಲ್ಲು ಕಂಡದ್ದು ಇದರಿಂದ. ನಮ್ಮ ತಂದೆ ತಾಯಂದಿರು ನಾಲೆಗೆ ಮೊದಲ ನೀರು ಬಂದ ದಿನ ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು ಪೂಜೆ ಮಾಡಿದ್ದನ್ನು ಹೇಳುತ್ತಿದ್ದರು.

ಅದೇ ನೀರು ಹಿಂದಕ್ಕೆ ನಿಂತಾಗ ಹೊಳೆ ದಂಡೆಯ ಊರುಗಳು ಖಾಲಿಯಾದವು. ಮುಳುಗಿದ್ದು ಶೆಟ್ಟಿಹಳ್ಳಿಯ ಚರ್ಚೊಂದೇ ಅಲ್ಲ. ಮನೆ, ಗದ್ದೆ, ಗುಡಿ, ಗೋಮಾಳ, ಬಾವಿ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಎಲ್ಲವೂ ಮುಳುಗಿದವು. ಜನ ಎತ್ತರದ ಜಾಗಗಳಿಗೆ, ಹೊಸ ಬಡಾವಣೆಗಳಿಗೆ, ಬೇರೆ ಬೇರೆ ಊರುಗಳಿಗೆ ಹೋದರು. ಮುಳುಗಡೆ ಸಂತ್ರಸ್ತರಿಗೆ ಬದಲಿ ಜಮೀನು ಕೊಡುವ ವಿಚಾರದಲ್ಲಿ ತಕರಾರು, ಅರ್ಜಿ, ತನಿಖೆ ದಶಕಗಳ ಕಾಲ ನಡೆಯಿತು. ಜಮೀನಿಗೆ ಬದಲು ಜಮೀನು ಸಿಗಬಹುದು. ಅಕ್ಕಪಕ್ಕದ ಮನೆಯವರು ಅಕ್ಕಪಕ್ಕದಲ್ಲೇ ಇರುವ ಊರು ಮತ್ತೆ ಸಿಗುವುದು ಕಷ್ಟ.

ಮಿಕ್ಕ ಕಟ್ಟಡಗಳೆಲ್ಲ ಕರಗಿದವು. ಚರ್ಚು ಎತ್ತರವಾಗಿಯೂ ಗಟ್ಟಿಯಾಗಿಯೂ ಇದ್ದುದರಿಂದ ಉಳಿಯಿತು. ಮುಂಗಾರು ಹಿಡಿದು ಜಲಾಶಯ ತುಂಬಿದಾಗ ಗೋಡೆಗಳ ಮೇಲ್ಭಾಗ ಮಾತ್ರ ನೀರಿನ ಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟು ಬಿಟ್ಟು ಜಲಾಶಯ ಇಳಿದಾಗ ಬುಡದವರೆಗೂ ಕಾಣುತ್ತದೆ, ನಡೆದುಕೊಂಡು ಹೋಗಬಹುದು. ಜಪಸರ ಮಾತೆಯ ಹಬ್ಬ ಅಕ್ಟೋಬರ್ 7ರಂದು. ಆ ತಿಂಗಳೆಲ್ಲ ಕಥೋಲಿಕರಿಗೆ ಜಪಸರದ ತಿಂಗಳು. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಜಲಾಶಯ ತುಂಬಿ ನಿಲ್ಲುವುದೂ ಅದೇ ಹೊತ್ತಿಗೆ. ಜನ ತುಂಬಬೇಕಾದ ದಿನ ಅಲ್ಲಿ ನೀರು ತುಂಬಿರುತ್ತದೆ.

ನಾವು ಕಂಡದ್ದು, ಕೇಳಿದ್ದು

ನಾವು ಹೋದದ್ದು ಏಪ್ರಿಲ್ ತಿಂಗಳಲ್ಲಿ, ಎರಡು ಟೆಂಪೋಗಳಲ್ಲಿ. ಹೆಂಗಸರು ಮಕ್ಕಳೂ ಬಂದಿದ್ದರು. ಹಿನ್ನೀರು ಸರಿದು ಬಿರಿದ ಕರೀ ಮಣ್ಣಿನ ಮೇಲೆ ದನ ಮೇಯುತ್ತಿದ್ದವು. ದೂರದಿಂದ ನೋಡಿದರೆ ಮಾಡು ಹಾರಿಹೋದ ಅರಮನೆಯ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಗೋಡೆಯ ಮೇಲೆ ನೀರಿನ ಗೆರೆಗಳು, ಒಂದರ ಮೇಲೊಂದು. ಇಂತಿಷ್ಟು ಮಳೆ ಬಂದ ವರ್ಷ ಇಷ್ಟು ಎಂದು ಲೆಕ್ಕ ಬರೆದಿಟ್ಟ ಹಾಗೆ. ಕಿಟಕಿಯ ಜಾಗದಲ್ಲಿ ಬರೀ ಆಕಾಶ. ಗೂಡು ಕಟ್ಟಿದ ಹಕ್ಕಿಗಳು ಒಳಗೂ ಹೊರಗೂ ಹಾರಾಡುತ್ತಿದ್ದವು. ನಮ್ಮ ಹೆಣ್ಣುಮಕ್ಕಳು ಯಾರೂ ಹೇಳದೆಯೇ ಚಪ್ಪಲಿ ಕಳಚಿ ಒಳಗೆ ಹೋದರು.

ಕಟ್ಟಡ ದಿನೇದಿನೇ ಸೊರಗುತ್ತಿದೆ. ಸದಾ ನೀರೊಳಗೆ ಇರುವುದಕ್ಕಿಂತ ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ಇಟ್ಟಿಗೆಗೆ ಕೆಟ್ಟದ್ದು. ನೆನೆದಾಗ ಉಪ್ಪಿನ ಅಂಶ ಒಳಗೆ ಹೋಗುತ್ತದೆ, ಒಣಗುವಾಗ ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಪದರು ಪದರಾಗಿ ಉದುರಿಸುತ್ತದೆ. ಸಂದಿನ ಸುಣ್ಣವನ್ನು ಅಲೆ ತೊಳೆಯುತ್ತದೆ. ಚಾವಣಿ ಇಲ್ಲದ್ದರಿಂದ ಎರಡು ಗೋಡೆಗಳನ್ನು ಬಿಗಿದು ಹಿಡಿಯುವುದು ಏನೂ ಇಲ್ಲ, ಮಳೆ ನೀರು ಗೋಡೆಯ ತಲೆಯಿಂದಲೇ ಇಳಿಯುತ್ತದೆ. ಈಚಿನ ವರ್ಷಗಳಲ್ಲಿ ಒಂದೊಂದೇ ಭಾಗ ಕುಸಿದು ಬಿದ್ದಿದೆ. ಇದೇ ಹಾಸನ ಜಿಲ್ಲೆಯ ಬೇಲೂರು, ಹಳೇಬೀಡುಗಳು 2023ರಲ್ಲಿ ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಅದು ಸಂತೋಷ. ಈ ಇಟ್ಟಿಗೆಯ ಕಟ್ಟಡಕ್ಕೆ ಅಂಥ ಭಾಗ್ಯವಿಲ್ಲ. ಸಾಲದ್ದಕ್ಕೆ ಬಂದವರು ಗೋಡೆಯ ಮೇಲೆ ಹೆಸರು ಕೆತ್ತಿದ್ದಾರೆ, ಬಾಟಲಿ ಒಡೆದಿದ್ದಾರೆ.

ವಾಪಸು ಬರುವಾಗ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಸಿಕ್ಕರು. ಮುಳುಗಡೆಯಾದ ಊರಿನವರು. "ಯಜಮಾನ್ರೇ, ಚರ್ಚು ನಡೀತಿದ್ದಾಗ ನೀವು ನೋಡಿದ್ರಾ?" ಎಂದು ಕೇಳಿದೆವು.

"ನೋಡೋದೇನು, ಆ ಗೋಡೆ ಒಳಗೇ ನನ್ನ ಮದುವೆ ಆಗಿದ್ದು ಕಣಪ್ಪ. ಗಂಟೆ ಹೊಡೆದ್ರೆ ಹೊಳೆ ಆಚೆ ಗದ್ದೇಲಿ ಕಳೆ ಕೀಳೋರಿಗೂ ಕೇಳಿಸೋದು. ಈಗ ಮೊಮ್ಮಕ್ಕಳಿಗೆ ತೋರ್ಸೋಣ ಅಂದ್ರೆ ಬೇಸಿಗೆ ಬರೋಗಂಟ ಕಾಯ್ಬೇಕು."

ನಾವು ಎಡದಂಡೆ ನಾಲೆಯ ಕಡೆಯವರು ಎಂದು ಹೇಳಿದೆವು. ನಮ್ಮಲ್ಲಿ ಒಬ್ಬರು ಸಂಕೋಚದಿಂದಲೇ, "ನಮ್ಮ ಕಡೆಯೋರ ಮೇಲೆ ಸಿಟ್ಟೈತಾ ಯಜಮಾನ್ರೇ?" ಅಂದರು.

ಅವರು ಟೀ ಲೋಟ ಕೆಳಗಿಟ್ಟು, "ಸಿಟ್ಟು ಯಾಕಪ್ಪ? ನೀರು ಯಾರಿಗಾದ್ರೂ ಆಗಲೇಬೇಕು, ಸುಮ್ನೆ ಹರಿದು ಹೋದ್ರೆ ಏನು ಬಂತು. ಆದ್ರೆ ನಮ್ಮೂರ ಹೆಸರು ನಿಮಗೆ ಗೊತ್ತಿರ್ಲಿ, ಅಷ್ಟೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ದಿನಕ್ಕೆ ಎಷ್ಟು ಲೀಟರ್ ಹಾಲು ಹಾಕ್ತೀರಿ? ರೇಟು ಹೆಂಗೈತೆ?" ಎಂದು ವಿಚಾರಿಸಿದರು. ರೈತ ರೈತನೇ ನೋಡಿ!

ನೋಡಲು ಹೋಗುವವರಿಗೆ

ಮಾರ್ಚಿನಿಂದ ಮೇ ತನಕ ಹೋದರೆ ಕಟ್ಟಡ ಪೂರ್ತಿ ಕಾಣುತ್ತದೆ. ಮಳೆಗಾಲದಲ್ಲಿ ದಂಡೆಯಿಂದಲೇ ನೋಡುವುದು ಒಳ್ಳೆಯದು, ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತದೆ, ಆಳ ತಿಳಿಯುವುದಿಲ್ಲ. ಮಕ್ಕಳನ್ನು ನೀರಿಗೆ ಬಿಡಬೇಡಿ. ಕಮಾನಿನ ಕೆಳಗೆ ಗುಂಪಾಗಿ ನಿಲ್ಲಬೇಡಿ, ಗೋಡೆ ಹತ್ತಬೇಡಿ, ಇಟ್ಟಿಗೆ ಚೂರನ್ನೂ ನೆನಪಿಗೆಂದು ತರಬೇಡಿ. ಪೂಜೆ ನಡೆಯುತ್ತಿಲ್ಲವಾದರೂ ಅದು ಜನ ಕೈ ಮುಗಿದ ಜಾಗ. ನಮ್ಮ ಗುಡಿಯಲ್ಲಿ ಬೇರೆಯವರು ಹೇಗೆ ನಡೆದುಕೊಳ್ಳಲಿ ಎಂದು ಬಯಸುತ್ತೇವೋ ಹಾಗೆಯೇ ಅಲ್ಲಿ ನಾವು ನಡೆದುಕೊಂಡರೆ ಸಾಕು. ಹತ್ತಿರದಲ್ಲೇ ಗೊರೂರಿನ ಅಣೆಕಟ್ಟು, ಯೋಗಾನರಸಿಂಹ ಸ್ವಾಮಿ ದೇವಸ್ಥಾನ, ಹಾಸನದ ಬಳಿಯ ಮೊಸಳೆಯಲ್ಲಿ ಅವಳಿ ಹೊಯ್ಸಳ ದೇವಾಲಯಗಳಿವೆ. ಒಂದೇ ದಿನದಲ್ಲಿ ನೋಡಬಹುದು.

ಸದಸ್ಯ ಬಾಂಧವರಲ್ಲಿ ಎರಡು ಮಾತು

ಸಹಕಾರ ಎಂದರೆ ಲಾಭ ಹಂಚಿಕೊಳ್ಳುವುದು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಋಣವನ್ನು ಹಂಚಿಕೊಳ್ಳುವುದೂ ಸಹಕಾರವೇ. ನಮ್ಮ ಸಂಘದ ಷೇರು ಪುಸ್ತಕದಲ್ಲಿ ಹೆಸರಿಲ್ಲದ ಷೇರುದಾರರು ಹೊಳೆ ದಂಡೆಯ ಆ ಊರುಗಳಲ್ಲಿದ್ದರು. ಅವರು ಕಟ್ಟಿದ ಬಂಡವಾಳ ಮನೆ, ಹೊಲ, ಗುಡಿ, ಚರ್ಚು. ಅದಕ್ಕೆ ನಾವು ಡಿವಿಡೆಂಡು ಕೊಡಲಾಗುವುದಿಲ್ಲ. ನೀರನ್ನು ಪೋಲು ಮಾಡದೆ ಬಳಸಬಹುದು. ತೂಬು ಒಡೆಯುವುದು, ರಾತ್ರಿ ನೀರು ಕದಿಯುವುದು, ಕೊನೆಯ ಹೊಲದವನಿಗೆ ಬಿಡದೆ ಜಗಳ ಕಾಯುವುದು, ಇವನ್ನು ನಿಲ್ಲಿಸಬಹುದು. ಒಂದು ಊರು ಮುಳುಗಿ ಬಂದ ನೀರು ಅದು, ಹಳ್ಳಕ್ಕೆ ಹರಿದು ಹೋಗಲು ಬಂದದ್ದಲ್ಲ.

ನಮ್ಮದೊಂದು ಸಲಹೆಯನ್ನೂ ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇವೆ. ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಮುಗಿಸಿದ ನಮ್ಮೂರ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಒಂದು ದಿನ ಸಂಘದ ವತಿಯಿಂದ ಗೊರೂರಿಗೂ ಶೆಟ್ಟಿಹಳ್ಳಿಗೂ ಕರೆದುಕೊಂಡು ಹೋಗಬೇಕು. ಅಣೆಕಟ್ಟನ್ನು ಮೊದಲು ತೋರಿಸಬೇಕು, ಚರ್ಚನ್ನು ಆಮೇಲೆ ತೋರಿಸಬೇಕು. ಗೋಡೆಗಳು ಇನ್ನೆಷ್ಟು ಮಳೆಗಾಲ ತಡೆಯುತ್ತವೋ, ನಿಂತಿರುವಾಗಲೇ ನಮ್ಮ ಮಕ್ಕಳು ನೋಡಿರಲಿ. ಊರಿನ ಹೆಸರು ತಿಳಿದಿರಲಿ.

 ಸಂಘವು ಬೆಳ್ಳಿಯಿಂದ ಬಂಗಾರದ ಹಬ್ಬದ ಕಡೆಗೆ ನಡೆಯಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ.